ಮುಂದಲೆ

ಒಬ್ಬ ಸಿಪಾಯಿಯನ್ನು ಒಂದು ವರ್ಷ ಸಾಕಲು ಎಷ್ಟು ಬೀಳುತ್ತದೆ ಎಂಬುದು ಯುದ್ಧಮಂತ್ರಿ ಪ್ಲಾತೊನ್ ಗವ್ರೀಲೊವಿಚ್ ತೆಲೆಗಿನ್ನರಿಗೆ ಬಾಯಿಪಾಠವಾಗಿತ್ತು. ಸಂಬಳ ಎರಡು ರೂಬಲ್ ಎಪ್ಪತ್ತು ಕೊಪೆಕ್. ಬೂಟಿನ ತೊಗಲಿಗೆ ಎರಡು ರೂಬಲ್ ಚಿಲ್ಲರೆ, ಹೊಲಿಗೆ ಅವನದೇ. ಬೂದು ಬಣ್ಣದ ದೊಡ್ಡ ಕೋಟಿನ ಬಟ್ಟೆಗೆ ನಾಲ್ಕೂವರೆ, ಅದು ಹರಿದರೂ ಎರಡು ವರ್ಷ ತಳ್ಳಬೇಕು. ಕಾಲಿಗೆ ಸುತ್ತಿಕೊಳ್ಳುವ ಬಟ್ಟೆ ಮೂರು ಜೊತೆ. ಆಮೇಲೆ ರೈ ಹಿಟ್ಟು, ಕೋಸು, ಉಪ್ಪು, ಉಪವಾಸವಿಲ್ಲದ ದಿನಗಳಲ್ಲಿ ಅಂಗೈಯಷ್ಟು ಮಾಂಸ. ಹಳೆಯ ಜನರಲ್‌ಗಳು ಹಿಂದಿನಿಂದ ಅವರನ್ನು ಅಂಗಡಿಮಂತ್ರಿ ಎಂದು ಕರೆಯುತ್ತಿದ್ದದ್ದು ಅವರ ಕಿವಿಗೂ ಬಿದ್ದಿತ್ತು, ಬಿದ್ದಾಗ ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತು. ಆದರೆ ಈ ದಿನ ಬೆಳಿಗ್ಗೆ, ಚಹಾ ಆರುತ್ತಿದ್ದರೂ ಕುಡಿಯದೆ, ಪೆನ್ಸಿಲ್ಲನ್ನು ಸಣ್ಣ ಚಾಕುವಿನಿಂದ ಚೂಪು ಮಾಡುತ್ತ, ಅಭ್ಯಾಸದಂತೆ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕೂತಿದ್ದಾಗ, ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಬಾಬ್ತು ನೆನಪಿಗೆ ಬಂತು. ಕ್ಷೌರಿಕನಿಗೆ ತಲೆಗೆ ಮೂರು ಕೊಪೆಕ್. ಅದು ಹಳೆಯ ಕಾಲದ್ದು. ಈಗ ಆ ಖರ್ಚೇ ಇಲ್ಲ, ಅವರೇ ತೆಗೆಸಿಹಾಕಿದ್ದರು. ತೆಗೆಸಿಹಾಕಿದ ಖರ್ಚು ಯಾಕೆ ನೆನಪಾಗಬೇಕು ಎಂದು ಕುತೂಹಲವಾಯಿತು.

ಯೆಫೀಮ್ ಕೋಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಗಿಡ್ಡ ಆಳು, ಐವತ್ತಾರು ವರ್ಷ, ಎಡಗಾಲು ಸೆವಾಸ್ತೊಪೋಲಿನ ಕೋಟೆಯ ಕಾಳಗದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡದ್ದು, ತಲೆಯ ತುಂಬ ಮಾತ್ರ ಕುರಿಯಂಥ ದಟ್ಟ ಕೂದಲು. ಇಪ್ಪತ್ತೈದು ವರ್ಷ ಸಿಪಾಯಿಯಾಗಿದ್ದವನು, ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಆಳು.

"ಧಣಿ, ಇವತ್ತೊಂದು ದಿನ ರಜಾ ಬೇಕಿತ್ತು."

ಅವನು ರಜಾ ಕೇಳಿದ್ದು ಇದು ಎರಡನೇ ಸಲ. ಮೊದಲನೆಯದು ಅವನ ತಮ್ಮ ಸತ್ತಾಗ.

"ಏನು ವಿಷಯ?"

"ತಮ್ಮನ ಕಿರೀ ಮಗ ಪ್ರೋಖೊರ್ ಅಂತ. ಇಪ್ಪತ್ತೊಂದು ತುಂಬಿದೆ. ಜರೆಚ್ಯೆ ಊರಲ್ಲಿ ಇವತ್ತು ಚೀಟಿ ಎತ್ತಬೇಕು. ನಿಮ್ಮ ಚೀಟಿ."

ನಿಮ್ಮ ಚೀಟಿ ಎಂದದ್ದು ಚುಚ್ಚಿದ್ದೋ ಸುಮ್ಮನೆ ಹೇಳಿದ್ದೋ ಮುಖದಿಂದ ತಿಳಿಯಲಿಲ್ಲ. ಅವನ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಈ ವರ್ಷ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ ದೇಶದ ಪ್ರತಿಯೊಬ್ಬ ಹುಡುಗನೂ, ಜಮೀನ್ದಾರನ ಮಗನಾಗಲಿ ಗಾಡಿಯವನ ಮಗನಾಗಲಿ, ಒಂದೇ ಗಾಜಿನ ಪೆಟ್ಟಿಗೆಗೆ ಕೈ ಹಾಕಿ ಚೀಟಿ ಎತ್ತಬೇಕು. ಸಣ್ಣ ಅಂಕೆ ಬಂದವನು ಸೈನ್ಯಕ್ಕೆ, ದೊಡ್ಡದು ಬಂದವನು ಮನೆಗೆ. ಆ ಒಂದು ಕಾನೂನಿಗಾಗಿ ತೆಲೆಗಿನ್ ಹನ್ನೆರಡು ವರ್ಷ ಸಮಿತಿಗಳಲ್ಲಿ ಕೂತಿದ್ದರು. ನನ್ನ ಮಗ ನನ್ನ ಅಡುಗೆಯವನ ಪಕ್ಕ ಮಲಗಬೇಕೇ ಎಂದು ಕೇಳಿದ ರಾಜಕುಮಾರರ ಎದುರು ಮಾತು ಬೆಳೆಸದೆ ಅಂಕಿಅಂಶ ಓದಿದ್ದರು. ಆದರೆ ಚೀಟಿ ಎತ್ತುವುದನ್ನು ಕಣ್ಣಾರೆ ನೋಡಿರಲಿಲ್ಲ. ಮತ್ತು ಜರೆಚ್ಯೆ ಎಂಬ ಹೆಸರನ್ನು ಯೆಫೀಮನ ಬಾಯಲ್ಲಿ ಈವರೆಗೆ ಕೇಳಿರಲಿಲ್ಲ.

"ನಾನೂ ಬರ್ತೀನಿ," ಎಂದರು. ಹೇಳಿದ ಮೇಲೆ ತಮಗೇ ಆಶ್ಚರ್ಯವಾಯಿತು.

"ಅಲ್ಲೇನಿದೆ ಧಣಿ. ಹಿಮ, ಸಗಣಿ, ಅಧಿಕಾರಿಗಳು."

"ಅಧಿಕಾರಿಗಳನ್ನೇ ನೋಡಬೇಕು."

"ಹಾಗಾದ್ರೆ ಈ ಕೋಟು ಬೇಡ," ಎಂದು ಯೆಫೀಮ್ ಪದಕಗಳ ಕೋಟನ್ನು ಗೂಟಕ್ಕೆ ವಾಪಸು ಹಾಕಿದ. "ಇದನ್ನ ಹಾಕ್ಕೊಂಡು ಹೋದ್ರೆ ಅವರ ಮುಖ ಕಾಣಲ್ಲ. ಬಗ್ಗಿದ ಬೆನ್ನು ಮಾತ್ರ ಕಾಣುತ್ತೆ." ಮೂಲೆಯ ಪೆಟ್ಟಿಗೆಯಿಂದ, ತೆಲೆಗಿನ್ ಬೇಸಿಗೆಯಲ್ಲಿ ಮೀನು ಹಿಡಿಯಲು ಹೋಗುವಾಗ ಹಾಕುವ ಕಂದು ಕೋಟು ತಂದು ಹಿಂದಿನಿಂದ ತೊಡಿಸಿದ. ಪ್ರತಿ ಬೆಳಿಗ್ಗೆಯಂತೆ ಅವನ ಉಸಿರು ಕುತ್ತಿಗೆಗೆ ತಾಗಿತು. ಪ್ರತಿ ಬೆಳಿಗ್ಗೆಯಂತೆ ತೆಲೆಗಿನ್ನರ ಒಳಗೆ ಅದೇ ಪ್ರಶ್ನೆ ಎದ್ದಿತು: ಇವನಿಗೆ ಗೊತ್ತಿದೆಯೋ ಇಲ್ಲವೋ.

ರೈಲಿನಲ್ಲಿ ಎರಡು ಗಂಟೆಯ ದಾರಿ. ಯೆಫೀಮನ ಒತ್ತಾಯಕ್ಕೆ ಮೂರನೇ ದರ್ಜೆಯಲ್ಲೇ ಕೂತರು. ಕಿಟಕಿಯ ಗಾಜಿನ ಮೇಲಿನ ಹಿಮವನ್ನು ಉಗುರಿನಿಂದ ಕೆರೆದು ಕಾಸಿನಗಲದ ತೂತು ಮಾಡಿಕೊಂಡು ಹೊರಗೆ ನೋಡುತ್ತಿದ್ದಂತೆ ತೆಲೆಗಿನ್ನರಿಗೆ ಕಂಡದ್ದು ಬರ್ಚ್ ಮರಗಳಲ್ಲ, ನೀಲಿ ಹಂಚಿನ ಗೋಡೆ ಒಲೆ. ಅದರಲ್ಲಿ ಒಂದು ಹಂಚು ಬಿದ್ದುಹೋಗಿ ಆ ಜಾಗ ಹಲ್ಲುದುರಿದ ಬಾಯಿಯ ಹಾಗೆ ಕಪ್ಪಗಿತ್ತು. ಅವರಿಗೆ ಆಗ ಇಪ್ಪತ್ತೆರಡು ವರ್ಷ, ಹೊಸ ಲೆಫ್ಟಿನೆಂಟ್, ಜರೆಚ್ಯೆಯ ಭರ್ತಿ ಮಂಡಳಿಗೆ ಸೈನ್ಯದ ಕಡೆಯಿಂದ ಹೋದ ಕಿರಿಯ ಸದಸ್ಯ. ಅಂದಿನ ಪದ್ಧತಿಯೇ ಬೇರೆ. ಧಣಿ ತನ್ನ ಜೀತದವರಲ್ಲಿ ಬೇಡವಾದವನನ್ನು ಕಳಿಸುತ್ತಿದ್ದ, ಹೋದವನು ಇಪ್ಪತ್ತೈದು ವರ್ಷ ಹೋದ, ಹೆಂಗಸರು ಹೆಣಕ್ಕೆ ಅಳುವಂತೆ ಅತ್ತು ಕಳಿಸಿಕೊಡುತ್ತಿದ್ದರು. ಬತ್ತಲೆ ನಿಲ್ಲಿಸಿ ಅಳೆಯುವುದು, ಹಲ್ಲು ನೋಡುವುದು. ಯೋಗ್ಯನಾದರೆ ಲೆಫ್ಟಿನೆಂಟ್ "ಮುಂದಲೆ" ಎಂದು ಕೂಗಬೇಕು, ಕ್ಷೌರಿಕ ಹಣೆಯ ಮೇಲಿನ ಕೂದಲು ಬೋಳಿಸುತ್ತಾನೆ, ಓಡಿಹೋದರೆ ಯಾರು ಬೇಕಾದರೂ ಗುರುತು ಹಿಡಿಯಲಿ ಎಂದು. ಅಯೋಗ್ಯನಾದರೆ "ಹಿಂದಲೆ", ಅವನನ್ನು ಮತ್ತೆ ಬೇರೆ ಹೆಸರಲ್ಲಿ ತಂದು ತುರುಕದಿರಲಿ ಎಂದು ತಲೆಯ ಹಿಂದೆ ಬೋಳಿಸುತ್ತಾನೆ. ಕ್ಷೌರಿಕ ಲುಕೀಚ್ ದಪ್ಪನೆಯ ಮನುಷ್ಯ, ತಲೆಲೆಕ್ಕದ ಕೂಲಿ, ಆ ಬೆಳಿಗ್ಗೆ ಸಾಲಾಗಿ ನಲವತ್ತಮೂರು ಮುಂದಲೆ ಬೋಳಿಸಿದ್ದ. ನಲವತ್ತನಾಲ್ಕನೆಯವನು ಅಳತೆಕೋಲಿನ ಕೆಳಗೆ ನಿಂತ. ಬೇಕಾದ ಎತ್ತರಕ್ಕೆ ಒಂದು ಬೆರಳಗಲ ಕಮ್ಮಿ. ತೆಲೆಗಿನ್ ತಮ್ಮ ಕಣ್ಣಿಂದಲೇ ನೋಡಿ, ಪುಸ್ತಕದಲ್ಲಿ ಬರೆದು, ಸ್ಪಷ್ಟವಾಗಿ "ಹಿಂದಲೆ" ಎಂದರು. ಅಷ್ಟರಲ್ಲಿ ಲುಕೀಚನ ಕೈ ನಡೆದುಹೋಗಿತ್ತು. ಮಾತಿಗೆ ಕಾಯುವುದನ್ನು ಅವನು ಇಪ್ಪತ್ತು ತಲೆಗಳ ಹಿಂದೆಯೇ ಬಿಟ್ಟಿದ್ದ. ಮುಂದಿನ ಕೂದಲು ಒದ್ದೆ ನೆಲದ ಮೇಲೆ ಬಿತ್ತು.

ಟಿಕೆಟ್ ನೋಡುವವನು ಬಂದು ಹೋದ. ಯೆಫೀಮ್ ಕರವಸ್ತ್ರದ ಗಂಟು ಬಿಚ್ಚಿ ಬೇಯಿಸಿದ ಮೊಟ್ಟೆ ಕೊಟ್ಟ. ತೆಲೆಗಿನ್ ಸಿಪ್ಪೆ ಸುಲಿಯುತ್ತ ಕೂತರು. ಅಂದು ಮಂಡಳಿಯ ಅಧ್ಯಕ್ಷನಾಗಿದ್ದವನು ಸಂಧಿವಾತದ ನಿವೃತ್ತ ಕರ್ನಲ್, ಊಟದ ಹೊತ್ತು ಮೀರುತ್ತಿದೆ ಎಂದು ಗಡಿಯಾರ ನೋಡುತ್ತಿದ್ದ. ಅವನು ಹೊಟ್ಟೆ ಕುಲುಕಿಸಿ ನಕ್ಕ. "ಏನ್ ಮಾಡೋಣ ತಮ್ಮಾ, ಕೂದಲು ವಾಪಸು ಅಂಟಿಸೋಣವಾ?" ವೈದ್ಯ ನಕ್ಕ, ಲುಕೀಚ್ ನಕ್ಕ, ಬಾಗಿಲ ಕಾವಲಿನವನೂ ನಕ್ಕ. ತೆಲೆಗಿನ್ನರ ಕಿವಿ ಬೆಂಕಿಯಾಯಿತು. ತಪ್ಪಾಗಿದೆ, ಇವನನ್ನು ಬಿಡಿ ಎನ್ನಲು ಒಂದು ಉಸಿರು ಸಾಕಿತ್ತು. ಅವರು ಆ ಉಸಿರಿನಲ್ಲಿ ಚಾಕು ತೆಗೆದು ಪುಸ್ತಕದಲ್ಲಿ ತಾವೇ ಬರೆದ ಅಳತೆಯನ್ನು ಕೆರೆದು ಅಳಿಸಿ ಒಂದು ಬೆರಳಗಲ ಹೆಚ್ಚು ಬರೆದರು. ತಲೆ ತಪ್ಪಾಗಿತ್ತು, ತಲೆಗೆ ಸರಿಯಾಗಿ ಕಾಗದವನ್ನು ತಿದ್ದಿದರು. ಬರೆದು ತಲೆ ಎತ್ತಿದಾಗ ಆ ಬತ್ತಲೆ ಹುಡುಗ ಅವರನ್ನು ನೋಡುತ್ತಿರಲಿಲ್ಲ, ನೆಲದ ಮೇಲಿನ ಕೂದಲನ್ನೇ ನೋಡುತ್ತಿದ್ದ, ಅದು ಯಾರದ್ದು ಎಂದು ಯೋಚಿಸುವವನ ಹಾಗೆ. ಹೆಸರು ಯೆಫೀಮ್.

ಮಂತ್ರಿಯಾದ ಮೊದಲ ತಿಂಗಳೇ ಅವರು ಹಳೆಯ ಪಟ್ಟಿಗಳನ್ನು ಹುಡುಕಿಸಿದ್ದರು. ಗುಮಾಸ್ತರು ಯಾವುದೋ ಆಸ್ತಿಯ ತಗಾದೆ ಎಂದುಕೊಂಡರು. ಗಾಯಾಳುಗಳ ಪಡೆಯೊಂದರಲ್ಲಿ ಸಿಕ್ಕಿದ. ನನ್ನ ಮನೆಯಲ್ಲಿ ಕೆಲಸಕ್ಕೆ ಬರ್ತೀಯಾ ಎಂದು ಕೇಳಿಸಿದಾಗ ಯಾಕೆ ಎಂದೂ ಕೇಳದೆ ಗಂಟು ಹೊತ್ತುಕೊಂಡು ಬಂದ. ಬಂದ ದಿನವೇ ಹೇಳಿಬಿಡಬೇಕೆಂದಿದ್ದರು. ಆಮೇಲೆ ಈಸ್ಟರ್ ಕಳೆಯಲಿ ಎಂದುಕೊಂಡರು, ಆಮೇಲೆ ಬೇಸಿಗೆ. ನಡುನಡುವೆ ಪರೀಕ್ಷೆ ಮಾಡಿದ್ದೂ ಉಂಟು. ಹಳೇ ಕಾಲದಲ್ಲಿ ಭರ್ತಿ ಮಾಡುವಾಗ ಎಷ್ಟೋ ತಪ್ಪು ನಡೀತಿತ್ತಂತೆ ಯೆಫೀಮ್, ಎನ್ನುವರು. ಹೌದಾ ಧಣಿ, ಎಂದು ಅವನು ಬೂಟಿಗೆ ಬಣ್ಣ ಹಚ್ಚುವುದನ್ನು ಮುಂದುವರಿಸುವನು. ಅವರ ಮೊದಲ ಸುತ್ತೋಲೆಗಳಲ್ಲಿ ಒಂದು, ಭರ್ತಿಯ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಯಾರೂ, ಯಾವ ಕಾರಣಕ್ಕೂ ಕೆರೆದು ತಿದ್ದಕೂಡದು, ತಿದ್ದಿದವನಿಗೆ ಇಪ್ಪತ್ತೈದು ರೂಬಲ್ ದಂಡ ಮತ್ತು ವಿಚಾರಣೆ. ಲಂಚಕ್ಕೆ ಬಾಗಿಲು ಮುಚ್ಚಿತು ಎಂದು ಪತ್ರಿಕೆಗಳು ಹೊಗಳಿದವು. ಇಪ್ಪತ್ತೈದು ಎಂಬ ಅಂಕಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಇಡೀ ಸೈನ್ಯವನ್ನು ತಿದ್ದಲು ಹೊರಟವನು ನಿಜಕ್ಕೂ ತಿದ್ದಲು ಹೊರಟದ್ದು ಒಂದು ಹಿಡಿ ಕೂದಲನ್ನೇ, ಅಥವಾ ಅದನ್ನು ಕಾಣದಂತೆ ಮುಚ್ಚಲು ಅಷ್ಟು ದೊಡ್ಡ ಕಾನೂನು ಬೇಕಾಯಿತೇ ಎಂಬುದನ್ನು ಅವರು ಬೇರೆ ಯಾರದೋ ವಿಷಯವೆಂಬಂತೆ, ಬೇಸರಕ್ಕಿಂತ ಹೆಚ್ಚು ಕುತೂಹಲದಿಂದ, ಎಷ್ಟೋ ಸಲ ಯೋಚಿಸಿದ್ದರು.

ಜರೆಚ್ಯೆಯ ಚೌಕದಲ್ಲಿ ಜಾರುಬಂಡಿಗಳು ಒತ್ತಿಕೊಂಡು ನಿಂತಿದ್ದವು. ಮಂಡಳಿಯ ಕಟ್ಟಡದ ಮೆಟ್ಟಿಲ ಬಳಿ ಬೂದು ಶಾಲಿನ ಹೆಂಗಸೊಬ್ಬಳು ಗಂಟನ್ನು ಎದೆಗೊತ್ತಿಕೊಂಡು ನಿಂತಿದ್ದವಳು ಯೆಫೀಮನನ್ನು ಕಂಡು ಮುಖ ಅರಳಿಸಿದಳು. ಪ್ರೋಖೊರನ ತಾಯಿ ಅಗಾಫ್ಯಾ.

"ಬಂದ್ಯಾ? ಪೀಟರ್ಸ್‌ಬರ್ಗಿನ ಅನ್ನ ತಿಂದು ಇನ್ನೂ ಗಿಡ್ಡ ಆಗಿದ್ದೀಯ."

"ನೀನು ಅಗಲ ಆಗಿದ್ದೀಯ, ಅದಕ್ಕೆ ಹಾಗೆ ಕಾಣುತ್ತೆ."

"ಇವರು ಯಾರು?"

"ನಾನೂ ಇವರೂ ಒಂದೇ ಮನೆಯಲ್ಲಿ ಕೆಲಸ ಮಾಡೋದು," ಎಂದ ಯೆಫೀಮ್, ರೆಪ್ಪೆ ಅಲುಗಿಸದೆ. ಅದು ಸುಳ್ಳೂ ಅಲ್ಲ ಎಂದು ತೆಲೆಗಿನ್ನರಿಗೆ ಹೊಳೆಯಿತು.

"ನೀವೇನು ಕೆಲಸ ಅಣ್ಣಾ?"

"ಬರೆಯೋ ಕೆಲಸ."

"ಬರೆಯೋರಿಂದಲೇ ಎಲ್ಲ ಕಷ್ಟ," ಎಂದು ಅವಳು ಗಂಟಿನಿಂದ ಕೋಸು ತುಂಬಿದ ರೊಟ್ಟಿ ಮುರಿದು ಅವರ ಕೈಗಿಟ್ಟಳು. "ತಿನ್ನಿ, ಮುಖ ನೀಲಿ ಆಗಿದೆ. ಆದ್ರೂ ನನ್ನ ಪ್ರೋಖೊರನಿಗೆ ಬರೆಯೋಕೆ ಬರುತ್ತೆ. ಮೂರು ಚಳಿಗಾಲ ಹೆಪ್ಪುಗಟ್ಟಿದ ಹೊಳೆ ದಾಟಿ ಶಾಲೆಗೆ ಹೋದ. ಮೇಷ್ಟ್ರು ಕಾಗದ ಕೊಟ್ಟಿದ್ದಾರೆ. ಆ ಕಾಗದ ಇದ್ರೆ ಆರು ವರ್ಷ ಇರೋದು ನಾಲ್ಕಾಗುತ್ತಂತೆ, ಕಾನೂನೇ ಇದೆಯಂತೆ. ಯಾವನೋ ಪುಣ್ಯಾತ್ಮ ಬರೆದದ್ದು." ಗಂಟನ್ನು ಮತ್ತೆ ಬಿಗಿದು, "ನಾಲ್ಕು ನಾನು ತಡ್ಕೋತೀನಿ. ದೊಡ್ಡ ಮಗ ಕುಡಿದು ಬಿದ್ದಿರ್ತಾನೆ, ಅವನು ಇರೋದ್ರಿಂದ ಇವನಿಗೆ ಒಬ್ಬನೇ ಮಗ ಅನ್ನೋ ವಿನಾಯಿತಿ ಇಲ್ಲ. ನಾಲ್ಕು ವರ್ಷ ಹೊಲ ಹಿಡ್ಕೊಂಡಿರ್ತೀನಿ. ಆರು ಅಂದ್ರೆ ಆಗಲ್ಲ. ಹೊಲ ಊರವರು ವಾಪಸು ತಗೋತಾರೆ," ಎಂದಳು. ಹೊಲ ಊರಿಗೆಲ್ಲ ಸೇರಿದ್ದು, ಉಳುವ ಕೈ ಇಲ್ಲದ ಮನೆಗೆ ಊರು ಅದನ್ನು ಬಿಡುವುದಿಲ್ಲ ಎಂಬುದು ತೆಲೆಗಿನ್ನರಿಗೆ ಗೊತ್ತಿತ್ತು. ಗೊತ್ತಿದ್ದದ್ದು ಒಂದು ಟಿಪ್ಪಣಿಯ ಹದಿನಾಲ್ಕನೇ ಪುಟದಲ್ಲಿ. ಆ ಹೆಂಗಸಿನ ಬಾಯಲ್ಲಿ ಕೇಳಿದಾಗ ಅದು ಬೇರೆ ಥರ ಇತ್ತು.

ಒಳಗೆ ಅದೇ ಒಲೆ. ಬಿದ್ದುಹೋದ ಹಂಚಿನ ಜಾಗಕ್ಕೆ ಯಾರೋ ಬಿಳಿ ಹಂಚು ಕೂರಿಸಿದ್ದರು. ತೆಲೆಗಿನ್ ಹಿಂದಿನ ಬೆಂಚಿನಲ್ಲಿ ಯೆಫೀಮನ ಪಕ್ಕ ಕೂತು ಒಮ್ಮೆ ಒಲೆಯನ್ನು, ಒಮ್ಮೆ ಅವನ ಮುಖವನ್ನು ನೋಡಿದರು. ಅವನು ಟೋಪಿಯ ಮೇಲಿನ ಹಿಮ ಕೊಡವುತ್ತಿದ್ದ. ಮೇಜಿನ ಹಿಂದೆ ಮೂವರು. ನಡುವೆ ಅಧ್ಯಕ್ಷ, ಜಿಲ್ಲೆಯ ಜಮೀನ್ದಾರ, ಒಂಟಿಗಾಜಿನ ಕನ್ನಡಕ, ಸಾಧು ಮುಖ. ಎಡಕ್ಕೆ ಗುಮಾಸ್ತ, ಕೈಯಲ್ಲಿ ಲೇಖನಿ, ಪಕ್ಕದಲ್ಲಿ ಕಾಗದದ ರಾಶಿ, ರಾಶಿಯ ಮೇಲೆ ಚಹಾದ ಗ್ಲಾಸು. ಬಲಕ್ಕೆ ಸೈನ್ಯದ ಕಡೆಯ ಯುವಕ ಲೆಫ್ಟಿನೆಂಟ್, ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ, ಬೆನ್ನು ಅಳತೆಕೋಲಿನ ಹಾಗೆ ನೆಟ್ಟಗಿತ್ತು. ಗಾಜಿನ ಪೆಟ್ಟಿಗೆ ತಿರುಗಿತು. ಕರೆದವರು ಬಲತೋಳನ್ನು ಮೊಣಕೈವರೆಗೆ ಮಡಚಿ, ಕೈಯಲ್ಲೇನೂ ಅಡಗಿಸಿಲ್ಲ ಎಂದು ಎತ್ತಿ ತೋರಿಸಿ, ಒಳಗೆ ಹಾಕಿ ಸುರುಳಿ ತೆಗೆಯಬೇಕು. ನರಿಚರ್ಮದ ಕೊರಳಪಟ್ಟಿಯ ವ್ಯಾಪಾರಿಯ ಮಗನಿಗೆ ನೂರಾ ಹನ್ನೆರಡು ಬಂತು, ಅವನ ಕಡೆಯವರು ಶಿಲುಬೆಯ ಗುರುತು ಮಾಡಿಕೊಂಡರು. ಬ್ಯಾರನ್ ಮನೆತನದ ಹುಡುಗನೊಬ್ಬ ಬಿಳಿ ತೋಳನ್ನು ಚಾಚಿ ಒಂಬತ್ತು ಎತ್ತಿದ. ಅವನ ಹಿಂದೆಯೇ ಕಮ್ಮಾರನ ಮಗ ಕರಿ ತೋಳು ಚಾಚಿ ಹತ್ತು ಎತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಏನು ಮಾಡಬೇಕೋ ತಿಳಿಯದೆ, ತಲೆಯಾಡಿಸಿಕೊಂಡರು. ತೆಲೆಗಿನ್ನರಿಗೆ ಇಷ್ಟನ್ನು ನೋಡಿದರೆ ಸಾಕು ಎನಿಸಿತು. ಎದ್ದು ಹೋಗಿದ್ದರೆ ಸುಖವಾಗಿ ಹೋಗಬಹುದಿತ್ತು.

ಪ್ರೋಖೊರನ ಚೀಟಿಯಲ್ಲಿ ಹದಿನೇಳು ಬಂತು. ಬೇಕಾದವರು ಐವತ್ತೆರಡು, ಹಾಗಾಗಿ ಹೋಗಲೇಬೇಕು. ಉದ್ದನೆಯ, ಶಾಂತ ಹುಡುಗ, ದೊಡ್ಡಪ್ಪನ ಗಿಡ್ಡತನ ಅವನಿಗೆ ಬಂದಿರಲಿಲ್ಲ. ಅಳೆದರು, ವೈದ್ಯ ಬೆನ್ನು ತಟ್ಟಿದ, ಗುಮಾಸ್ತ ಬರೆದ. ಅಧ್ಯಕ್ಷ ಓದಿದ: "ಯೋಗ್ಯ. ಅವಧಿ ಆರು ವರ್ಷ."

"ಸ್ವಾಮಿ, ನಾನು ಶಾಲೆಯ ಕಾಗದ ಕೊಟ್ಟಿದ್ದೆ," ಎಂದ ಪ್ರೋಖೊರ್. "ಬೆಳಿಗ್ಗೆ, ಇವರ ಕೈಗೇ."

ಗುಮಾಸ್ತ ಗ್ಲಾಸು ಎತ್ತಿದ. ಕೆಳಗೇ ಇತ್ತು. ಮೇಷ್ಟರ ಸಹಿಯ ಸುತ್ತ ಚಹಾದ ಕಂದು ಬಳೆ. ಗುಮಾಸ್ತನ ಮುಖ ಬೆವರಿತು. ಅವನು ಕೆಟ್ಟವನಲ್ಲ. ಸಾಲಾಗಿ ನಲವತ್ತು ರೈತರು, ನಲವತ್ತಕ್ಕೂ ಆರು ಆರು ಎಂದೇ ಬರೆದು ಕೈಗೆ ಅದೇ ರೂಢಿಯಾಗಿತ್ತು. ತೆಲೆಗಿನ್ನರಿಗೆ ಆ ಕೈ ಗೊತ್ತಿತ್ತು. ಮೂವತ್ತಾರು ವರ್ಷದ ಹಿಂದೆ ಅದರಲ್ಲಿ ಲೇಖನಿಯ ಬದಲು ಕ್ಷೌರದ ಕತ್ತಿ ಇತ್ತು.

ಅಧ್ಯಕ್ಷ ಕನ್ನಡಕ ತೆಗೆದು ಒರೆಸಿದ. "ಅಯ್ಯೋ. ತಪ್ಪಾಗಿದೆ ಮಗೂ. ಆದ್ರೆ ಬರೆದಾಯ್ತಲ್ಲ. ಪುಸ್ತಕದಲ್ಲಿ ತಿದ್ದೋ ಹಾಗಿಲ್ಲ, ಯುದ್ಧಮಂತ್ರಿಗಳದ್ದೇ ಕಟ್ಟಪ್ಪಣೆ, ದಂಡ ಇದೆ. ಒಂದು ಅರ್ಜಿ ಹಾಕ್ಕೋ. ಮೇಲಿನಿಂದ ಉತ್ತರ ಬರುತ್ತೆ, ಒಂದು ವರ್ಷ, ಒಂದೂವರೆ." ಅವನ ಸಂಕಟ ನಿಜವಾದದ್ದು. ಬಾಗಿಲ ಬಳಿ ನಿಂತಿದ್ದ ಅಗಾಫ್ಯಾ ಗಂಟನ್ನು ನೆಲದ ಮೇಲಿಟ್ಟಳು.

ತೆಲೆಗಿನ್ ಲೆಫ್ಟಿನೆಂಟನನ್ನು ನೋಡಿದರು. ಆ ಹುಡುಗನ ಕಿವಿ ಕೆಂಪಾಗುತ್ತಿತ್ತು. ಅವನು ಕಾಗದವನ್ನು ಮೊದಲೇ ಕಂಡಿದ್ದ, ಅನುಮಾನವೇ ಇಲ್ಲ. ಈಗ ಬಾಯಿ ತೆರೆಯುತ್ತಾನೆಯೇ? ಒಂದು ಉಸಿರು ಸಾಕು. ತೆಲೆಗಿನ್ ಮುಂದಕ್ಕೆ ಬಾಗಿ ಕಾದರು, ನಾಟಕದ ಮೂರನೇ ಅಂಕಕ್ಕೆ ಕಾಯುವವರ ಹಾಗೆ. ಇವನು ಹೇಳಿದರೆ ನಾನೂ ಅಂದು ಹೇಳಬಹುದಿತ್ತು ಎಂದಾಗುತ್ತದೆ, ಹೇಳದಿದ್ದರೆ ಯಾರಿಂದಲೂ ಆಗುತ್ತಿರಲಿಲ್ಲ ಎಂದಾಗುತ್ತದೆ. ಎರಡರಲ್ಲಿ ತಮಗೆ ಯಾವುದು ಬೇಕು ಎಂದು ಕೇಳಿಕೊಂಡರು. ಎರಡನೆಯದೇ ಬೇಕು ಎಂದು ತಿಳಿಯಿತು. ಒಬ್ಬ ಹುಡುಗನ ಎರಡು ವರ್ಷ ಮೇಜಿನ ಮೇಲೆ ಬಿದ್ದಿದೆ, ನಾನು ನನ್ನ ಲೆಕ್ಕ ಚುಕ್ತಾ ಆಗುವುದನ್ನು ಕಾಯುತ್ತ ಕೂತಿದ್ದೇನೆ. ಪಕ್ಕಕ್ಕೆ ನೋಡಿದರು. ಯೆಫೀಮ್ ಅವರ ಕಡೆ ತಿರುಗಿರಲಿಲ್ಲ. ಬೇಡಿಕೊಂಡಿದ್ದರೆ, ಮೊಣಕೈಯಿಂದ ತಿವಿದಿದ್ದರೆ ಸುಲಭವಾಗುತ್ತಿತ್ತು. ಅವನು ನೆಲ ನೋಡುತ್ತಿದ್ದ. ಒಲೆಯ ಮುಂದಿನ ಒಂದು ಜಾಗವನ್ನೇ ನೋಡುತ್ತಿದ್ದ.

ತೆಲೆಗಿನ್ ಎದ್ದರು. "ಅದನ್ನ ತಿದ್ದಿ."

"ಕೂತ್ಕೊಳ್ಳಿ ತಾತ," ಎಂದ ಅಧ್ಯಕ್ಷ ಮೆಲ್ಲಗೆ. "ನಿಮಗೆ ಅರ್ಥ ಆಗಲ್ಲ. ಸುತ್ತೋಲೆ ಇದೆ."

"ಆ ಸುತ್ತೋಲೆ ಬರೆದವನು ನಾನೇ."

ಬೆಂಚುಗಳಲ್ಲಿ ನಗು ಹರಿದಾಡಿತು. "ಹಾಗಾದ್ರೆ ನಾನು ತುರ್ಕಿಯ ಸುಲ್ತಾನ," ಎಂದಿತು ಒಂದು ಧ್ವನಿ. "ಕೋಟು ನೋಡು, ಮೀನಿನ ವಾಸನೆ," ಎಂದಿತು ಇನ್ನೊಂದು. ಮೂವತ್ತಾರು ವರ್ಷದ ಮೇಲೆ ಅದೇ ಕೋಣೆ ಮತ್ತೊಮ್ಮೆ ಅವರನ್ನು ನೋಡಿ ನಗುತ್ತಿತ್ತು. ಕಿವಿ ಮತ್ತೆ ಬಿಸಿಯಾಯಿತು. ಆದರೆ ಈ ಸಲ ಆ ಬಿಸಿ ಇಷ್ಟೇ, ಇದಕ್ಕಿಂತ ಹೆಚ್ಚಾಗುವುದಿಲ್ಲ ಎಂದು ಗೊತ್ತಾಯಿತು. ಕೈಗೆ ಬಿದ್ದ ಬಿಸಿ ಚಹಾದಷ್ಟೇ. ಇಷ್ಟಕ್ಕೇ ಅಂದು ಹೆದರಿದ್ದೆನೇ. ಅವರು ಟೋಪಿ ತೆಗೆದರು. ಕಾಲ ಅವರ ಮುಂದಲೆಯನ್ನು ಎಂದೋ ಬೋಳಿಸಿತ್ತು, ಆ ಬೋಳು ಹಣೆ ಪ್ರತಿ ಸೈನಿಕ ಶಾಲೆಯ ಗೋಡೆಯ ಮೇಲೂ ಚೌಕಟ್ಟಿನಲ್ಲಿ ತೂಗುತ್ತಿತ್ತು. ಲೆಫ್ಟಿನೆಂಟ್ ಎದ್ದ ರಭಸಕ್ಕೆ ಕುರ್ಚಿ ಮಗುಚಿತು.

"ಮಹಾಪ್ರಭು," ಎಂದ. ಗಾಳಿ ಮಾತ್ರ ಬಂತು, ಸ್ವರ ಬರಲಿಲ್ಲ.

ಅಧ್ಯಕ್ಷ ಬಗ್ಗಿದ, ಗುಮಾಸ್ತ ಬಗ್ಗಿದ, ಸುಲ್ತಾನನೂ ಬಗ್ಗಿರಬೇಕು. ಯೆಫೀಮ್ ಹೇಳಿದ್ದು ಸರಿ. ಮುಖವೇ ಇಲ್ಲ, ಬೆನ್ನುಗಳು ಮಾತ್ರ.

"ನೀನು ಆ ಕಾಗದ ನೋಡಿದ್ಯಾ?" ಎಂದು ಲೆಫ್ಟಿನೆಂಟನನ್ನು ಕೇಳಿದರು.

"ನೋಡಿದ್ದೆ, ಮಹಾಪ್ರಭು. ಅವರು ಗ್ಲಾಸು ಇಡೋವಾಗ."

"ಯಾಕೆ ಹೇಳಲಿಲ್ಲ?"

ಹುಡುಗ ಮಗುಚಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. "ಅವರು ನಗ್ತಾರೆ ಅಂತ."

ಬೈಯಲು ಬಾಯಿ ತೆರೆದ ತೆಲೆಗಿನ್ ಹಾಗೆಯೇ ಮುಚ್ಚಿಕೊಂಡರು. "ನಗ್ತಾರೆ. ನಿಜ," ಎಂದರು. "ಮುಂದಿನ ಸಲ ನಗಲಿ ಬಿಡು. ಪುಸ್ತಕ ಈ ಕಡೆ ತಿರುಗಿಸು." ಲೇಖನಿ ತೆಗೆದುಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು, ಆರನ್ನು ಕೆರೆಯದೆ, ಎಲ್ಲರಿಗೂ ಕಾಣುವಂತೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ನಾಲ್ಕು ಎಂದು ಬರೆದರು. ಕೆಳಗೆ: ನಿಯಮ ಮುರಿದು ತಿದ್ದಿದವನು ತೆಲೆಗಿನ್. ಇಪ್ಪತ್ತೈದು ರೂಬಲಿನ ನೋಟು ಮೇಜಿನ ಮೇಲಿಟ್ಟರು. "ದಂಡ. ರಸೀದಿ ಕೊಡಿ." ರಸೀದಿ ಯಾಕೆ ಮಹಾಪ್ರಭು ಎಂದು ಅಧ್ಯಕ್ಷ ಕೈ ಹೊಸೆದ. ರಸೀದಿ ಕೊಡುವವರೆಗೂ ಅವರು ಕದಲಲಿಲ್ಲ. ಮಂತ್ರಿ ತನ್ನ ಮನೆಯಾಳಿನ ಸಂಬಂಧಿಗಾಗಿ ಪುಸ್ತಕ ತಿದ್ದಿದ ಎಂಬ ಸುದ್ದಿ ತಮಗಿಂತ ಮೊದಲೇ ಪೀಟರ್ಸ್‌ಬರ್ಗ್ ಮುಟ್ಟುತ್ತದೆ, ಹನ್ನೆರಡು ವರ್ಷದಿಂದ ಇಂಥದ್ದೊಂದಕ್ಕೆ ಕಾದು ಕೂತವರು ಅದನ್ನು ಚಕ್ರವರ್ತಿಯ ಚಹಾದ ಹೊತ್ತಿಗೆ ಬಿಸಿಯಾಗಿಯೇ ಬಡಿಸುತ್ತಾರೆ ಎಂಬುದು ರಸೀದಿ ಮಡಚುವಾಗಲೇ ಅವರಿಗೆ ಗೊತ್ತಿತ್ತು.

ಮೂರು ಗಂಟೆಯ ರೈಲಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಹಲಗೆಯ ಮೇಲೆ ಇಬ್ಬರೂ ಕೂತರು. ಅಗಾಫ್ಯಾ ಮಗನ ಜೊತೆ ಬಂಡಿಯ ಬಳಿ ನಿಂತು ಕುದುರೆಗೆ ಹುಲ್ಲು ಹಾಕುತ್ತಿದ್ದಳು. ಅವಳು ತೆಲೆಗಿನ್ನರ ಕೈಗೆ ಮುತ್ತಿಟ್ಟು, ರೊಟ್ಟಿ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಇನ್ನೂ ಎರಡು ರೊಟ್ಟಿ ಕೊಟ್ಟಿದ್ದಳು.

"ಯೆಫೀಮ್," ಎಂದರು ತೆಲೆಗಿನ್. ಹನ್ನೊಂದು ವರ್ಷ ತಯಾರಿ ಮಾಡಿಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಅವತ್ತು ನಾನು ಹಿಂದಲೆ ಅಂದಿದ್ದೆ."

"ಗೊತ್ತು ಧಣಿ. ಕಿವಿ ಬೋಳಿಸಿರಲಿಲ್ಲವಲ್ಲ."

"ಅದು ನಾನೇ ಅಂತ ಗೊತ್ತಿತ್ತಾ?"

"ಮನೆಗೆ ಬಂದ ಮೊದಲನೇ ದಿನ ಗೊತ್ತಿರಲಿಲ್ಲ. ಎರಡನೇ ದಿನ ನೀವು ಪೆನ್ಸಿಲ್ ಚೂಪು ಮಾಡ್ತಿದ್ರಿ. ನಾಲಿಗೆ ಕಚ್ಕೊಂಡು. ಅವತ್ತೂ ಪುಸ್ತಕ ಕೆರೆಯೋವಾಗ ಹಾಗೇ ಕಚ್ಕೊಂಡಿದ್ರಿ."

"ಮತ್ತೆ ಯಾಕೆ ಇದ್ದೆ? ಯಾಕೆ ಹೇಳಲಿಲ್ಲ?"

ಯೆಫೀಮ್ ಸೊಟ್ಟ ಕಾಲನ್ನು ಎರಡೂ ಕೈಯಿಂದ ಎತ್ತಿ ನೇರ ಇಟ್ಟುಕೊಂಡ. "ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಿದ್ದೆ. ಹೇಳ್ತೀರೋ ಇಲ್ವೋ ಅಂತ. ನೀವು ಭರ್ತಿಯ ಸುದ್ದಿ ಎತ್ತಿದಾಗೆಲ್ಲ, ಇವತ್ತು ಬಂತು, ಇವತ್ತು ಬಂತು ಅಂದ್ಕೋತಿದ್ದೆ. ನೀವು ಅಲ್ಲಿಂದ ಬೂಟಿನ ರೇಟಿಗೆ ಹೋಗಿಬಿಡ್ತಿದ್ರಿ."

ತೆಲೆಗಿನ್ನರಿಗೆ ನಗು ಬಂತು, ನಗಲು ಧೈರ್ಯವಾಗಲಿಲ್ಲ. "ಸಿಟ್ಟಿರಲಿಲ್ವಾ?"

"ಇತ್ತು. ಮೊದಲ ಏಳೆಂಟು ವರ್ಷ. ಆಮೇಲೆ ಸಿಟ್ಟು ಹೊತ್ಕೊಂಡು ನಡೆಯೋಕಾಗಲ್ಲ ಧಣಿ, ಬೆನ್ನ ಮೇಲೆ ಬೇರೆ ಭಾರ ಇರುತ್ತೆ." ಬಂಡಿಯ ಕಡೆ ಗದ್ದದಿಂದ ತೋರಿಸಿದ. "ಅವಳನ್ನ ಮೊದಲು ಗೊತ್ತು ಮಾಡಿದ್ದು ನನಗೆ. ಹಬ್ಬ ಕಳೆದ ಮೇಲೆ ಮದುವೆ ಅಂತಿತ್ತು. ಅವತ್ತು ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ಲು. ಗಿಡ್ಡ ಇದ್ದೀಯ, ಬಿಡ್ತಾರೆ ಅಂತ ಧೈರ್ಯ ಹೇಳಿದ್ಲು. ನಾನು ಈಚೆ ಬಂದಾಗ ತಲೆ ನೋಡಿ, ಏನಿದು ಅಂದ್ಲು. ಅಷ್ಟೇ. ಎರಡು ವರ್ಷ ಬಿಟ್ಟು ತಮ್ಮನಿಗೆ ಕೊಟ್ರು."

ದೂರದಲ್ಲಿ ರೈಲು ಕೂಗಿತು. ಕ್ಷಮಿಸಿದೆಯಾ ಎಂದು ಕೇಳುವುದು ಅತಿಯಾಗುತ್ತದೆ ಎಂದು ತೆಲೆಗಿನ್ನರಿಗೆ ಗೊತ್ತಿತ್ತು. ಆದರೂ ಕೇಳಿದರು, ಗೊತ್ತಾಗಬೇಕಿತ್ತು.

"ಅದು ನನಗೂ ಗೊತ್ತಿಲ್ಲ," ಎಂದ ಯೆಫೀಮ್, ಇನ್ನೊಬ್ಬರ ಕಾಯಿಲೆಯ ಬಗ್ಗೆ ಹೇಳುವಂತೆ. "ನೋಡ್ಬೇಕು. ಧಣಿ, ನಾನು ಈ ರೈಲಿಗೆ ಬರಲ್ಲ. ಹುಡುಗ ಬರೋವರೆಗೂ ಆ ಮನೇಲಿ ಹೊಲ ಉಳೋಕೆ ಒಂದು ಕೈ ಬೇಕು. ಆರು ವರ್ಷ ಅಂದಿದ್ರೆ ನನ್ನ ಕಾಲು ತಡೀತಿರಲಿಲ್ಲ. ನಾಲ್ಕು ಆಗುತ್ತೆ. ಅವಳನ್ನ ಕೇಳಿದೆ. ಕುದುರೆಗಿಂತ ಕಮ್ಮಿ ತಿಂದ್ರೆ ಇರು ಅಂದ್ಲು."

ರೈಲು ಬಂದು ನಿಂತಾಗ ಅವನು ಎದ್ದು, ಅಭ್ಯಾಸದಂತೆ ತೆಲೆಗಿನ್ನರ ಹಿಂದೆ ಹೋಗಿ ಕೋಟಿನ ಕೊರಳಪಟ್ಟಿ ಸರಿಮಾಡಿದ. ಉಸಿರು ಕುತ್ತಿಗೆಗೆ ತಾಗಿತು. ಈ ಸಲ ಪ್ರಶ್ನೆ ಏಳಲಿಲ್ಲ. ಅದಿದ್ದ ಜಾಗ ಖಾಲಿಯಾಗಿತ್ತು, ಬಿದ್ದ ಹಲ್ಲಿನ ಸಂದಿಗೆ ನಾಲಿಗೆ ಹೋಗುವಂತೆ ಮನಸ್ಸು ಅಲ್ಲಿಗೇ ಹೋಗಿ ಬಂತು. ರೈಲು ಹತ್ತಿ, ಕಿಟಕಿಯ ಹಿಮ ಕೆರೆದು ಮಾಡಿದ ತೂತಿನಿಂದ ನೋಡಿದರು. ಬಂಡಿಯ ಮೇಲೆ ಮೂವರು ಕೂತಿದ್ದರು. ಕಡಿವಾಣ ಅಗಾಫ್ಯಾಳ ಕೈಯಲ್ಲಿತ್ತು.

ಆ ಚಳಿಗಾಲ ಮುಗಿಯುವ ಮೊದಲು ಮಂತ್ರಿ ಎರಡು ಸಲ ಚಕ್ರವರ್ತಿಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಮೂರನೆಯ ಸಲ ಕರೆ ಬರಲಿಲ್ಲ, ಕುದುರೆಪಡೆಯ ಸುಧಾರಣೆಯ ಕಡತ ಬೇರೆಯವರ ಮೇಜಿಗೆ ಹೋಯಿತು. ಸುತ್ತೋಲೆ ಬದಲಾಯಿತು: ತಪ್ಪನ್ನು ತಿದ್ದಬಹುದು, ತಿದ್ದಿದವನು ತನ್ನ ಹೆಸರು ಬರೆಯಬೇಕು. ಬೆಳಿಗ್ಗೆ ತೆಲೆಗಿನ್ ತಮ್ಮ ಕೋಟನ್ನು ತಾವೇ ತೊಡುತ್ತಾರೆ. ಎಡತೋಳು ಸಿಗಲು ಸ್ವಲ್ಪ ಹೊತ್ತು ಬೇಕು. ಪ್ರೋಖೊರನಿಗೆ ಎರಡು ವರ್ಷ ಉಳಿಯಿತು. ಅಗಾಫ್ಯಾಳ ಹೊಲ ಉಳಿಯಿತು. ಯೆಫೀಮನ ಇಪ್ಪತ್ತೈದು ವರ್ಷ ಹೋದದ್ದು ಹೋಯಿತು.